ಎರಡು ಬಾಗಿಲಿನ ಬೇವು

ಪಕ್ಕದ ಕೋಣೆಯ ಆರು ವರ್ಷದ ಭಾಗ್ಯಳಿಂದ ನನಗೆ ಅಂಟಬಹುದಿತ್ತು. ನನ್ನಿಂದ ಹೆಂಡತಿ ಪದ್ಮಳಿಗೆ, ಅವಳಿಂದ ಹಾಲಿನವನಿಗೆ, ಹಾಲಿನವನಿಂದ ಇಡೀ ಪಟ್ಟಂದೂರು ಅಗ್ರಹಾರಕ್ಕೆ. ನಾನು ಕೆಲಸ ಮಾಡುತ್ತಿದ್ದ ಟೆಕ್ ಪಾರ್ಕಿನ ಅಷ್ಟೂ ಮಹಡಿಗಳು ಮೈ ಕೆರೆದುಕೊಳ್ಳುತ್ತಾ ಕೂರಬಹುದಿತ್ತು. ಜ್ವರ ತಲೆಗೇರಿ ನಾನು ಸತ್ತೇ ಹೋಗಬಹುದಿತ್ತು. ಸತ್ತರೆ ಹಾರ ಹಾಕಲು ನೆಟ್ಟಗಿನ ಒಂದು ಫೋಟೋ ಸಹ ಇರಲಿಲ್ಲ; ಇದ್ದದ್ದು ಕಂಪನಿಯ ಐಡಿ ಕಾರ್ಡಿನದು, ಅದರಲ್ಲಿ ನಾನು ಆಗಲೇ ಹೋದವನಂತಿದ್ದೆ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ, ನಮ್ಮ ಅಪಾರ್ಟ್‌ಮೆಂಟಿನ ಮಾಲಿ ಬೇವಿನ ಕೊಂಬೆ ಕಡಿಯುತ್ತಿದ್ದಾಗ. ಹಸಿ ಬೇವಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬೆನ್ನು ತುರಿಸತೊಡಗಿತು. ಬೆನ್ನೇ ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಹಂದಿಜ್ವರದ ಗಾಬರಿ ಇನ್ನೂ ಆರದಿದ್ದ ಕಾಲ. ನಾವು ಸಾಲಾಗಿ ಕಟ್ಟಿದ ನಾಲ್ಕು ಬಾಡಿಗೆ ಕೋಣೆಗಳ ಪೈಕಿ ಒಂದರಲ್ಲಿದ್ದೆವು. ನಾಲ್ಕಕ್ಕೂ ಸೇರಿ ಒಂದೇ ನಲ್ಲಿ. ಟೆಕ್ ಪಾರ್ಕಿನಲ್ಲಿ ಏಸಿಯ ಫಿಲ್ಟರ್ ತೊಳೆಸುವ ಸೂಪರ್‌ವೈಸರ್ ನಾನು. ಹಾಗಾಗಿ ಗಾಳಿಯ ವಿಷಯದಲ್ಲಿ ನನಗಿಂತ ತಿಳಿದವರಿಲ್ಲವೆಂದು ನಂಬಿದ್ದೆ. ಪಕ್ಕದ ಕೋಣೆ ಭಾಗ್ಯಳ ತಾಯಿ ಶರಣಮ್ಮನದು. ಯಾದಗಿರಿ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ದಿನ ಅವರ ಬಾಗಿಲಿಗೆ ಬೇವಿನ ಸೊಪ್ಪು ಬಂತು.

"ಕೂಸಿಗೆ ಅಮ್ಮ ಬಂದಾಳ್ರೀ ಅಣ್ಣಾರ," ಎಂದಳು ಶರಣಮ್ಮ ಒಳಗಿನಿಂದಲೇ. "ಒಂಬತ್ತು ದಿನ ಈ ಕಡೆ ಬರಬ್ಯಾಡ್ರಿ."

ಸೀತಾಳೆ ಸಿಡುಬು. ನಾನು ಕೂಡಲೇ ಯೋಚಿಸಿದೆ: ಬೇವೆಂದರೆ ಗಾಳಿ ಸೋಸುವ ಫಿಲ್ಟರ್. ಅವರದು ಒಂದು ಕೊಂಬೆಯಾದರೆ ನನಗೆ ಎರಡಿರಲಿ. ಏಣಿ ಹತ್ತಿ ನಮ್ಮ ಬಾಗಿಲಿಗೂ ದಟ್ಟವಾಗಿ ಕಟ್ಟಿಬಿಟ್ಟೆ.

ಪದ್ಮ ತರಕಾರಿ ಚೀಲ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. "ರೀ, ಬೇವು ಕಟ್ಟೋದು ಒಳಗೆ ಕಾಯಿಲೆಯವರಿದ್ದಾರೆ, ದೂರ ಇರಿ ಅಂತ ಹೇಳೋಕೆ. ನೀವು ಬೋರ್ಡ್ ಹಾಕ್ಕೊಂಡು ಕೂತಿದ್ದೀರಲ್ರೀ."

ಬಿಚ್ಚಲು ಮತ್ತೆ ಏಣಿ ಹತ್ತಿದೆ. ಅಷ್ಟರಲ್ಲಿ ಮನೆ ಮಾಲೀಕ ಮುನಿಯಪ್ಪನವರು ಬಂದರು. ಹಳೇ ಊರಿನವರು, ಬಿಳಿ ಪಂಚೆ, ಒಳ್ಳೆಯ ಮನುಷ್ಯ, ಹೆದರಿದರೆ ಮಾತ್ರ ಕಷ್ಟ.

"ಇವ್ರನ್ನ ಈವತ್ತೇ ಬಸ್ಸತ್ತಿಸಿ ಊರಿಗೆ ಕಳಿಸ್ಬುಡಣ ಅಂತ ಬಂದೆ ಸಾರ್. ಎಲ್ರಿಗೂ ಅಂಟ್ಕೊಂಡ್ರೆ ಏನ್ ಗತಿ?" ಎಂದವರು ತಲೆಯೆತ್ತಿದರು. "ಇದೇನು, ನಿಮ್ಮನೇಗೂ ಬಂದವ್ಳಾ?"

ಪಕ್ಕದ ಬಾಗಿಲು ಬೆರಳಷ್ಟು ತೆರೆದಿತ್ತು. ಅದರ ಸಂದಿಯಲ್ಲಿ ಶರಣಮ್ಮನ ಕಣ್ಣು. ಇಲ್ಲ ಎಂದರೆ ಜ್ವರದಲ್ಲಿ ಸುಡುವ ಮಗು ಯಾದಗಿರಿವರೆಗೂ ಬಸ್ಸಿನಲ್ಲಿ ನರಳಬೇಕು, ಬಸ್ಸಿನವರಿಗೆಲ್ಲ ಹಂಚುತ್ತಾ. ನಾನು ಧೈರ್ಯವಂತನಲ್ಲ. ಆದರೆ ಏಣಿಯ ಮೇಲಿದ್ದೆ, ಓಡಲು ದಾರಿಯಿರಲಿಲ್ಲ.

"ಹೂಂ," ಎಂದೆ. "ನನಗೇ."

"ಒಂದು ಗುಳ್ಳೆನೂ ಕಾಣಾಕಿಲ್ವಲ್ಲ?"

"ಬೆನ್ನಲ್ಲಿದೆ. ತೋರಿಸ್ಲಾ?"

ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದರು, ನನಗಲ್ಲ, ಬೇವಿಗೆ. ಅಮ್ಮ ಬಂದ ಎರಡೆರಡು ಮನೆಯವರನ್ನು ಹೊರಗೆ ಹಾಕುವ ಧೈರ್ಯ ಅವರಿಗಿರಲಿಲ್ಲ. "ಆಯ್ತು, ಒಂಬತ್ತು ದಿನ ಎಲ್ಡು ಬಾಗ್ಲೂ ತೆಗೀಬ್ಯಾಡಿ," ಎಂದು ಹೋದರು.

ಆ ಒಂಬತ್ತು ದಿನ ನಾನು ಆರೋಗ್ಯವಂತ ರೋಗಿ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು ಎಂಬ ನಿಯಮವನ್ನು ಪದ್ಮ ಬಲು ನಿಷ್ಠೆಯಿಂದ ಪಾಲಿಸಿದಳು. "ಸಾಸಿವೆ ಸಿಡಿದ ಸದ್ದು ಮುನಿಯಪ್ಪನವರಿಗೆ ಕೇಳ್ಸಿದ್ರೆ?" ಎಂದು ಸಪ್ಪೆ ಸಾರು ಬಡಿಸಿ, ತಾನು ಹೊರಗೆ ಹೋಗಿ ಮಸಾಲೆ ದೋಸೆ ತಿಂದು ಬರುತ್ತಿದ್ದಳು. ಅವಳಿಗೆ ಚಿಕ್ಕಂದಿನಲ್ಲೇ ಬಂದುಹೋಗಿತ್ತಂತೆ. ಆ ಹೆಮ್ಮೆ ಬೇರೆ.

ಮೂರನೆಯ ದಿನ ಬೀದಿಯ ಕೊನೆಯ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದಳು. "ಗುಳ್ಳೆ ಏಳೋಕೆ ಮುಂಚೆನೇ ಅಂಟುತ್ತಂತೆ ಕಣ್ರೀ. ಮೊನ್ನೆ ಭಾಗ್ಯನ ಜೊತೆ ಒಂದೇ ಪೊಟ್ಟಣದಲ್ಲಿ ಕಡಲೆಕಾಯಿ ತಿಂದ್ರಲ್ಲ, ಅಷ್ಟು ಹತ್ರ ಕೂತಾಗ್ಲೇ ಆಗೋದು ಆಗಿರುತ್ತೆ. ಆದ್ರೆ ಒಂದ್ಸಲ ಬಂದಿದ್ರೆ ಮೈ ಅದನ್ನ ಗುರುತಿಟ್ಕೊಂಡಿರುತ್ತಂತೆ, ಮತ್ತೆ ಬಂದ್ರೆ ಸಾಮಾನ್ಯವಾಗಿ ಒಳಗೆ ಬಿಡಲ್ವಂತೆ. ನಿಮಗೆ ಬಂದಿತ್ತಾ?"

ನನಗೆ ನೆನಪಿರಲಿಲ್ಲ. ತುಮಕೂರಿನ ಅಕ್ಕನಿಗೆ ಫೋನ್ ಮಾಡಿದೆ. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದೆ.

"ಆರನೇ ವಯಸ್ಸಲ್ಲೇ ಬಂದಿತ್ತಲ್ಲೋ," ಎಂದಳು ಅಕ್ಕ. "ಬೇಡ ಬೇಡ ಅಂದ್ರೂ ಕೆರ್ಕೊಂಡು ಹುಬ್ಬಿನ ಮೇಲೆ ಗುಳಿ ಮಾಡ್ಕೊಂಡೆ, ನೋಡ್ಕೊ."

ನಾನು ಮರೆತದ್ದನ್ನು ನನ್ನ ರಕ್ತ ಅಷ್ಟು ವರ್ಷ ಜತನವಾಗಿ ನೆನಪಿಟ್ಟುಕೊಂಡು ಕಾವಲು ಕಾದಿತ್ತು. ಕಣ್ಣು ತುಂಬಿ ಬಂತು. ಪದ್ಮಳ ಕಣ್ಣು ಮಾತ್ರ ನನ್ನ ಹುಬ್ಬಿನ ಮೇಲಿತ್ತು. ಹೆಣ್ಣು ನೋಡಲು ಹೋದಾಗ ಆ ಗುಳಿಯನ್ನು ನಾನೇ ಕೊಂಡಾಡಿದ್ದೆ: ಬೌಂಡರಿ ತಡೆಯಲು ಹಾರಿದಾಗ ಕ್ರಿಕೆಟ್ ಚೆಂಡು ಬಡಿದದ್ದು ಎಂದು.

ಭಾಗ್ಯಳ ಗುಳ್ಳೆಗಳು ಒಣಗಿದವು. ಸಾಲಿನಲ್ಲಿ ಬೇರೆ ಯಾರಿಗೂ ಬರಲಿಲ್ಲ. ಬೇವಿನ ನೀರಿನ ಸ್ನಾನವಾದ ಮೇಲೆ ಶರಣಮ್ಮ ರೊಟ್ಟಿ, ಶೇಂಗಾ ಚಟ್ನಿ ತಂದಳು. "ಅಣ್ಣಾರ, ನಿಮ್ಮ ಬೆನ್ನಾಗಿನ ಗುಳ್ಳಿ ಆರಿದುವೇನ್ರಿ?" ಎಂದು ಸೆರಗಿನೊಳಗೇ ನಕ್ಕಳು.

ನಾನು ಹೆದರಿದ ಯಾವುದೂ ಆಗಲಿಲ್ಲ. ಹಾಳಾದದ್ದು ಒಂದೇ, ಆ ಕ್ರಿಕೆಟ್ ಚೆಂಡು.

ಇವತ್ತು ಮಾಲಿ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದ. "ಹುಬ್ಬಿಗೆ ಏನಾಗಿತ್ತು ಸಾರ್?"

"ಸೀತಾಳೆ ಸಿಡುಬು," ಎಂದೆ, ಜನ್ಮದಲ್ಲಿ ಮೊದಲ ಸಲ ನಿಜವನ್ನು.

ಬಾಲ್ಕನಿಯಿಂದ ಪದ್ಮಳ ದನಿ ಬಂತು. "ಸುಳ್ಳು ಹೇಳ್ತಾರೆ ಕಣಪ್ಪ. ಕ್ರಿಕೆಟ್ ಚೆಂಡು ಬಡಿದಿದ್ದು. ಬೌಂಡರಿ ತಡೆದ್ರಂತೆ."