ಮಂಡಕ್ಕಿ ಚೀಲ ಹಿಡಿಸದ ಸೈಕಲ್ ದಾರಿ

ಬಳ್ಳಾರಿಗೆ ಸೈಕಲ್ ದಾರಿ ಬಂದ ವರ್ಷವೇ ನನಗೂ ಕೆಲಸ ಬಂತು. ಸೈಕಲ್ಲುಗಳು ಊರಿನಲ್ಲಿ ಮೊದಲಿನಿಂದಲೂ ಇದ್ದವು. ಆದರೆ ಅವನ್ನು ತುಳಿಯುವವರು ಹೊಟ್ಟೆಪಾಡಿಗೆ ತುಳಿಯುತ್ತಿದ್ದರು, ಆರೋಗ್ಯಕ್ಕಲ್ಲ. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನದು ಗುತ್ತಿಗೆ ಎಂಜಿನಿಯರ್ ಹುದ್ದೆ. ನಮ್ಮ ಮನೆತನದಲ್ಲಿ ಪದವಿಯ ಮುಖ ಕಂಡವಳು ನಾನೇ ಮೊದಲು. ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಓದಿ, ಎಂಜಿನಿಯರಿಂಗ್ ಗಣಿತದಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಎದ್ದು ತಂದ ಪದವಿ. ಅಪ್ಪ ತನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಮೇಲೆ ನನ್ನ ಹೆಸರು ಬರೆಸಿ, ಪಕ್ಕದಲ್ಲಿ ಹೆಸರಿಗಿಂತ ದಪ್ಪಗೆ ‘ಬಿ.ಇ.’ ಎಂದು ಬರೆಸಿದ. ಆ ಬರಹ ಓದಿದವರು ಮಾತ್ರ ಯಾರೂ ಇಲ್ಲ. ಸಿರುಗುಪ್ಪದ ಭತ್ತ ಇಲ್ಲಿನ ಭಟ್ಟಿಯಲ್ಲಿ ಮಂಡಕ್ಕಿಯಾದ ಮೇಲೆ ಅದನ್ನು ಒಗ್ಗರಣೆ-ಮಿರ್ಚಿ ಹೋಟೆಲುಗಳಿಗೆ ಮುಟ್ಟಿಸುವವನು ಅಪ್ಪ. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು ಚೀಲ ಹೇರಿದರೆ ಮಡ್‌ಗಾರ್ಡ್ ಇರಲಿ, ಅಪ್ಪನೇ ಕಾಣುವುದಿಲ್ಲ. ಹಿಂದಿನಿಂದ ನೋಡಿದವರಿಗೆ ಚೀಲಗಳು ತಾವಾಗಿಯೇ ಹೋಟೆಲಿಗೆ ಹೊರಟಂತೆ ಇರುತ್ತದೆ.

ಹೋದ ವರ್ಷ ಸಿರುಗುಪ್ಪ ರಸ್ತೆಯಲ್ಲಿ ಲಾರಿಯೊಂದರ ಹಗ್ಗದ ಕೊಕ್ಕೆ ಚೀಲಕ್ಕೆ ಸಿಕ್ಕಿಕೊಂಡು ಅಪ್ಪನನ್ನು ಕೆಡವಿತು. ಅವನ ಎಡ ಮೊಣಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ಅದಕ್ಕೇ ಅದೇ ರಸ್ತೆಯ ಮಗ್ಗುಲಿಗೆ ಸೈಕಲ್ ದಾರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಓದಿದ್ದು ಸಾರ್ಥಕವಾಯಿತು ಎಂದುಕೊಂಡೆ. ಅಪ್ಪ ಇನ್ನು ಲಾರಿಗಳ ನಡುವೆ ಹೋಗಬೇಕಿಲ್ಲ.

ಡ್ರಾಯಿಂಗ್ ಬೆಂಗಳೂರಿನಿಂದ ಬಂತು. ಅದರಲ್ಲಿ ಹೆಲ್ಮೆಟ್ ತೊಟ್ಟ ಒಬ್ಬ ಮನುಷ್ಯ ಮರಗಳ ನೆರಳಲ್ಲಿ ನಗುತ್ತ ಸೈಕಲ್ ತುಳಿಯುತ್ತಿದ್ದ. ಬಳ್ಳಾರಿಯಲ್ಲಿ ಅಂಥ ನೆರಳು ಸಿಕ್ಕರೆ ಯಾರೂ ತುಳಿಯುವುದಿಲ್ಲ, ಸೈಕಲ್ ಇಳಿದು ಮಲಗುತ್ತಾರೆ. ಬೈಕುಗಳು ನುಗ್ಗದಂತೆ ಅಡ್ಡರಸ್ತೆ ಕೂಡುವಲ್ಲೆಲ್ಲ ಕಬ್ಬಿಣದ ಗೂಟ ನೆಡಬೇಕಿತ್ತು. ಗೂಟಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬಲ್ಲಿ ಮಾತ್ರ ‘ಸ್ಥಳದಲ್ಲಿ ಅಳೆದು ನಿರ್ಧರಿಸುವುದು’ ಎಂದಿತ್ತು. ಸ್ಥಳ ಎಂದರೆ ನಾನು. ಟೇಪು ಹಿಡಿದು, ನಮ್ಮ ಸಾಹೇಬರ ಗೇರ್ ಸೈಕಲ್ಲಿನ ಹ್ಯಾಂಡಲ್ ಅಳೆದೆ. ಆ ಸೈಕಲ್ ನೆಲದ ಮೇಲೆ ಓಡಿದ್ದಕ್ಕಿಂತ ಸಾಹೇಬರ ಕಾರಿನ ಬೆನ್ನ ಮೇಲೆ ಓಡಿದ್ದೇ ಹೆಚ್ಚು. ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಸೇರಿಸಿ ಗೂಟ ನೆಡಿಸಿದೆ. ದಿನಾ ಬೆಳಿಗ್ಗೆ ನಮ್ಮ ಅಂಗಳದಿಂದ ಹೊರಡುವ ಸೈಕಲ್ಲಿನ ನೆನಪೇ ಆಗಲಿಲ್ಲ. ಪದವಿ ಅಂದರೆ ಅಷ್ಟು ಗಟ್ಟಿ.

ಮರುವಾರ ಅಪ್ಪ ಹೊಸ ದಾರಿಗೆ ಬಂದಾಗ ನಾನು ಅಲ್ಲೇ ಇದ್ದೆ. ಮೊದಲ ಗೂಟಕ್ಕೇ ಚೀಲ ಬಡಿದು ನಿಂತಿತು.

“ಏನ್ ಯವ್ವಾ, ಈ ಗೂಟ ಯಾರ್ ಹುಗಿಸ್ಯಾರ?” ಚೀಲದ ಹಿಂದಿನಿಂದ ಕೇಳಿದ.

“ನಾನಽ ಅಪ್ಪಾ.”

ಅಪ್ಪ ಇಳಿದು ಬಂದು ಗೂಟವನ್ನು ಅಲುಗಾಡಿಸಿ ನೋಡಿದ. “ಭಾಳ ಗಟ್ಟಿ ಕೂಡಿಸೀದಿ ಬಿಡು. ಅಲ್ಲಾಡವಲ್ದು.”

ಅವನ ಹಿಂದೆ, ಸೈಕಲ್ ತುಂಬ ಎಳನೀರು ನೇತುಹಾಕಿಕೊಂಡವನೊಬ್ಬ ಬಂದು ನಿಂತಿದ್ದ. “ಕಾಕಾ, ಹಿಂದಕ್ ತಗೀರಿ. ಇದು ಕೆಲಸ ಇಲ್ದೋರ್ ದಾರಿ, ನಮ್ಮಂಥೋರ್ದಲ್ಲ.”

ಇಬ್ಬರೂ ಸೈಕಲ್ ಹಿಂದೆ ಸರಿಸಿ ಮತ್ತೆ ಲಾರಿಗಳ ನಡುವೆ ಇಳಿದರು. ಅದೇ ಹೊತ್ತಿಗೆ ಒಂದು ಸ್ಕೂಟಿ ಕನ್ನಡಿ ಮಡಚಿಕೊಂಡು ನನ್ನ ಗೂಟಗಳ ನಡುವೆ ಸಲೀಸಾಗಿ ನುಸುಳಿ ಹೋಯಿತು.

ನಾನು ಸಾಹೇಬರ ಹತ್ತಿರ ಹೋದೆ.

“ಸಾರ್, ಗೂಟದ ನಡುವ ಜಾಗ ಸಾಲವಲ್ದು.”

“ಸೈಕಲ್ ಹೋಗ್ತೈತಿಲ್ಲೋ?”

“ಖಾಲಿ ಸೈಕಲ್ ಹೋಗ್ತೈತ್ರಿ. ಚೀಲ ಹೇರಿದ್ದು ಹೋಗಂಗಿಲ್ಲ.”

“ಚೀಲ ಹೇರಿದ್ರ ಅದು ಲಗೇಜ್ ಗಾಡಿ ಆತಲ್ಲ ಮೇಡಂ. ಅದಕ್ಕ ಮೇನ್ ರೋಡ್ ಐತಿ, ಹೋಗ್ಲಿ.”

ಆ ಚೀಲ ನಮ್ಮಪ್ಪನದು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಸ್ವಂತದವರಿಗೆ ಅನುಕೂಲ ಮಾಡಿಕೊಟ್ಟಂತೆ ಆಗುತ್ತಿತ್ತು. ಹೇಳದ್ದರಿಂದ ಅದು ಬರೀ ಸಾರ್ವಜನಿಕರ ತೊಂದರೆಯಾಗಿ ಉಳಿಯಿತು. ಸಾರ್ವಜನಿಕರ ತೊಂದರೆಗೆ ನಮ್ಮಲ್ಲಿ ಅವಸರವಿಲ್ಲ.

ಅಷ್ಟರಲ್ಲಿ ಉದ್ಘಾಟನೆಯ ದಿನ ನಿಗದಿಯಾಯಿತು. ಮುಖ್ಯ ಅತಿಥಿಗಳು ಸ್ವತಃ ಸೈಕಲ್ ತುಳಿಯುವವರಿದ್ದರು. ಆದರೆ ಅವರು ಸೈಕಲ್ ಬಿಟ್ಟು ಬಹಳ ವರ್ಷಗಳಾಗಿದ್ದರಿಂದ ಆಚೆಗೊಬ್ಬ ಈಚೆಗೊಬ್ಬ ಸೈಕಲ್ ಹಿಡಿದುಕೊಂಡು ನಡೆಯಬೇಕಿತ್ತು. ಹಿಂದಿನ ದಿನ ಅತಿಥಿಗಳ ಬದಲು ಸಾಹೇಬರೇ ಸೈಕಲ್ ಹತ್ತಿ ತಾಲೀಮು ಮಾಡಿದರು. ಮೂವರೂ ಒಟ್ಟಿಗೆ ಗೂಟಕ್ಕೆ ಸಿಕ್ಕಿಕೊಂಡರು.

“ಏನ್ ಮೇಡಂ ಇದು! ಮನುಷ್ಯಾರು ಹೋಗೋ ದಾರಿ ಏನಿದು? ಇವತ್ತಽ ಕೀಳಸ್ರಿ!”

“ಎಷ್ಟ್ ಜಾಗ ಬಿಡ್ಬೇಕು ಸಾರ್?”

“ನೀವ್ ಎಂಜಿನಿಯರ್ ಅದೀರೋ ಇಲ್ಲೋ? ನೀವಽ ಅಳೀರಿ.”

ಅಳೆದೆ. ಈ ಸಲ ಟೇಪು ಹಿಡಿದು ಭಟ್ಟಿಗೇ ಹೋದೆ. ಅಪ್ಪನ ಸೈಕಲ್ಲಿಗೆ ಚೀಲ ಹೇರಿಸಿ, ಈ ತುದಿಯಿಂದ ಆ ತುದಿಗೆ ಅಳೆದು, ಮೇಲೆ ಒಂದು ಗೇಣು ಸೇರಿಸಿದೆ. ಸಂಜೆಯೊಳಗೆ ಕಾಂಕ್ರೀಟ್ ಒಡೆಸಿ ಎಲ್ಲ ಗೂಟಗಳನ್ನೂ ಸರಿಸಿದೆ. ಕಡತದಲ್ಲಿ ‘ಗಣ್ಯರ ಅನುಕೂಲಕ್ಕಾಗಿ’ ಎಂದು ಬರೆದೆ. ಒಂದು ಪ್ರಶ್ನೆಯೂ ಇಲ್ಲದೆ ಸಹಿ ಬಿತ್ತು.

ಉದ್ಘಾಟನೆ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಪರಿಸರದ ಬಗ್ಗೆ ಮಾತಾಡಿ, ಸೈಕಲ್ ದಾರಿಯ ಮೇಲೆ ನಿಲ್ಲಿಸಿದ್ದ ಕಾರುಗಳನ್ನು ಹತ್ತಿ ಹೋದರು. ಎರಡು ದಿನ ಬಿಟ್ಟು ಸಾಹೇಬರು ಕರೆದರು.

“ಮೇಡಂ, ಫಂಕ್ಷನ್ ಮುಗೀತಲ್ಲ, ಗೂಟ ಮತ್ತ ಮೊದ್ಲಿನಂಗ ಮಾಡಿಸ್ರಿ.”

“ಮಾಡಸ್ತೀನ್ರಿ. ಒಂದ್ ಆರ್ಡರ್ ಬರ್ದು ಕೊಡ್ರಿ ಸಾರ್.”

“ಆರ್ಡರ್ ಯಾಕ್ರಿ?”

“ಗಣ್ಯರ ಅನುಕೂಲಕ್ಕ ಸರಿಸಿದ್ದು ಅಂತ ಫೈಲ್‌ನ್ಯಾಗ ಐತ್ರಿ. ಈಗ ಆ ಅನುಕೂಲ ಬ್ಯಾಡಂತ ಯಾರಾರ ಬರೀಬೇಕಲ್ಲ.”

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು, ನನ್ನನ್ನು ನೋಡಿದರು, ಕ್ಯಾಪು ಹಾಕಿದರು. ನನ್ನ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಅದೇ ಕ್ಷಣದಲ್ಲಿ ತೀರ್ಮಾನವಾಗಿರಬಹುದು. ಆರ್ಡರ್ ಇವತ್ತಿಗೂ ಬಂದಿಲ್ಲ.

ಆ ಮಾತುಕತೆಯ ಮರುದಿನ ಬೆಳಿಗ್ಗೆ ಮೊದಲ ಗೂಟದ ಹತ್ತಿರ ಹೋಗಿ ನಿಂತೆ. ಮೂರು ಚೀಲ ಬಂದವು. ಗೂಟಕ್ಕೆ ತಾಗಲಿಲ್ಲ. ಲಾರಿಗಳು ಆ ಕಡೆ ತಮ್ಮ ಪಾಡಿಗೆ ಹೋಗುತ್ತಿದ್ದವು. ಅಪ್ಪ ಒಂದು ಒಳ್ಳೆಯ ಮಾತು ಆಡಿಯಾನು ಎಂದು ದಾರಿಯ ನಡುವೆಯೇ ಕಾದೆ.

“ಏ ಯವ್ವಾ, ಬಾಜೂಕ ಸರಿ! ಬ್ರೇಕ್ ಹಿಡಿಯವಲ್ದು!”

ಸರಿದು ನಿಂತೆ.