ಗೂಬೆ ಹೊಕ್ಕ ಮನೆಯಲ್ಲಿ ಹೆರಿಗೆ

ಪೂರಿಗಾಲಿಯ ನಮ್ಮ ತೊಟ್ಟಿಮನೆಗೆ ಆ ಗೂಬೆ ಹಾಡಹಗಲೇ ಬಂದಿತು. ಅದು ಮೈನಾ ಹಕ್ಕಿಗಿಂತ ಹೆಚ್ಚು ದೊಡ್ಡದಲ್ಲದ, ಮೈತುಂಬ ಕಂದು ಬಿಳುಪಿನ ಅಡ್ಡಪಟ್ಟೆಗಳುಳ್ಳ, ಗುಂಡು ತಲೆಯ ಕಾಡುಗೂಬೆ. ಈ ಜಾತಿಯದು ಹಗಲಿನಲ್ಲಿಯೂ ಹಾರಾಡುತ್ತದೆ. ಕಣ್ಣಿಗೆ ಬಿದ್ದರೆ ಕಾಗೆಗಳು ಬಿಡುವುದಿಲ್ಲ. ಹೊಳೆಯ ಕಡೆಯಿಂದ ಕಾಗೆಗಳು ಅಟ್ಟಿಕೊಂಡು ಬಂದ ಆ ಜೀವ ತೊಟ್ಟಿಯೊಳಕ್ಕೆ ಇಳಿದು, ನಡುಮನೆಯ ತೊಲೆಯ ಮೇಲೆ ಕುಳಿತಿತು. ಪಕ್ಕದ ಕೋಣೆಯಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅಕ್ಕ ಬೆಳಗಿನಿಂದ ನೋವು ತಿನ್ನುತ್ತಿದ್ದಳು.

ಗೂಬೆ ಹೊಕ್ಕ ಮನೆಯನ್ನು ಆ ಕೂಡಲೇ ಬಿಡಬೇಕು. ಒಲೆ ಆರಿಸಿ, ಬೀಗ ಹಾಕಿ, ಕೆಲವು ತಿಂಗಳು ಬೇರೆಡೆ ಇದ್ದು, ಶಾಂತಿ ಮಾಡಿಸಿದ ಮೇಲೆ ಮರಳಬೇಕು. ಊರಿನಲ್ಲಿ ಎಲ್ಲರೂ ನಡೆಸಿಕೊಂಡು ಬಂದಿದ್ದ ಪದ್ಧತಿ ಅದು. ತಂದೆಯವರು ಯೋಚಿಸಲಿಲ್ಲ. ಬಿಂದಿಗೆಯ ನೀರನ್ನು ತಾವೇ ಒಲೆಗೆ ಸುರಿದು, "ಗಾಡಿ ಊಡ್ಲಾ. ನಿಮ್ಮಕ್ಕನ್ನ ಗದ್ದೆ ಗುಡ್ಲಿಗೆ ಕರ್ಕೊಂಡೋಗುವ" ಎಂದರು.

ಸೂಲಗಿತ್ತಿ ಕೋಣೆಯ ಬಾಗಿಲಿಗೆ ಬಂದಳು.

"ಕೂಸಿನ ತಲೆ ಕೆಳೀಕೆ ಇಳ್ದದೆ, ಗೌಡ. ಗಾಡೀಲಿ ಕುಲುಕಿದ್ರೆ ನಿನ್ನ ಮಗಳು ದಾರೀಲೇ ಓಯ್ತಳೆ."

"ಇಲ್ಲೇ ಇದ್ರೆ?"

"ಇಲ್ಲಿ ನಾನಿವ್ನಿ ಕಣ."

"ನೀನೇನು ಗೂಬೆಗಿಂತ ದೊಡ್ಡೋಳ?"

"ಆ ಜಗಳ ಆಮೇಲಾಡುವ. ಮೊದ್ಲು ಬಿಸ್ನೀರು ಕೊಡ್ಸು."

ಎಲ್ಲರೂ ಒಲೆಯ ಕಡೆ ನೋಡಿದೆವು. ಒದ್ದೆ ಬೂದಿ ಮಾತ್ರ ಇದ್ದಿತು. ಅದು ಯುದ್ಧದ ಕಾಲ. ಅಂಗಡಿಗಳಲ್ಲಿ ಬೆಂಕಿಪೊಟ್ಟಣ ಸಿಗುತ್ತಿರಲಿಲ್ಲವಾದ್ದರಿಂದ ಒಂದು ಮನೆಯ ಕೆಂಡದಿಂದಲೇ ಇನ್ನೊಂದು ಮನೆಯ ಒಲೆ ಹೊತ್ತುತ್ತಿತ್ತು. ನಾನು ಮಡಕೆಯ ಓಡೊಂದನ್ನು ಹಿಡಿದು ಪಕ್ಕದ ಮನೆಗೆ ಓಡಿದೆ. ನಾನು ಚಿಕ್ಕವ್ವ ಎಂದು ಕರೆಯುತ್ತಿದ್ದ ಆ ಮನೆಯಾಕೆ ಹೊಸ್ತಿಲಲ್ಲಿಯೇ ತಡೆದಳು.

"ಗೂಬೆ ಒಕ್ಕಿರೋ ಮನೆಗೆ ಕೆಂಡ ಕೊಟ್ರೆ ನಮ್ಗೂ ತಟ್ತದೆ ಕಣಪ್ಪ. ಓಗು."

ಎದುರು ಮನೆಯವರು ನಾನು ಕೇಳುವ ಮೊದಲೇ ಕದ ಮುಚ್ಚಿದರು. ಬರಿಯ ಓಡಿನೊಡನೆ ಮರಳಿದಾಗ ಅಕ್ಕನ ನರಳಾಟವೂ ನಿಂತಿದ್ದಿತು. ಆ ಮೌನವನ್ನು ಕೇಳಿಯೇ ಇರಬೇಕು, ತಂದೆಯವರು ನನ್ನ ಕೈಯಿಂದ ಓಡನ್ನು ಕಿತ್ತುಕೊಂಡು ಹೊರಟರು. ಅವರು ಯಾರನ್ನೂ ಬೇಡಲಿಲ್ಲ. ನೇರವಾಗಿ ಚಿಕ್ಕವ್ವನ ಅಡುಗೆಮನೆಗೆ ನುಗ್ಗಿ, ಒಲೆಯಿಂದ ಕೆಂಡ ಬಾಚಿದರು.

"ಏನ್ ಭಾವ, ನಮ್ಮನೇನೂ ಆಳು ಮಾಡೀಯ?" ಎಂದಳು ಆಕೆ.

"ಗೂಬೆ ಬಂದ್ರೆ ನನ್ನ ಎಸ್ರು ಏಳಿ ನಮ್ಮನೆಗೇ ಕಳ್ಸವ್ವ" ಎಂದು ಹೇಳಿ ಹೊರಬಂದರು.

ನಮ್ಮ ಹೊಸ್ತಿಲಿನಲ್ಲಿ ಅವರ ಕಾಲು ಕ್ಷಣಕಾಲ ತಡೆಯಿತು. ಅಡುಗೆಮನೆಗೆ ಹೋಗಲು ಆ ತೊಲೆಯ ಕೆಳಗೇ ಹಾಯಬೇಕಾಗಿತ್ತು. ಗೂಬೆ ಕತ್ತನ್ನು ಪೂರ್ತಿ ತಿರುಗಿಸಿ ಅವರನ್ನೇ ನೋಡುತ್ತಿತ್ತು. ಅವರು ತಲೆ ತಗ್ಗಿಸಿ ಹಾದುಹೋಗಿ, ಬೂದಿ ತೆಗೆದು, ಒಣ ತೆಂಗಿನಗರಿ ಇಟ್ಟು ಊದಿದರು. ಕೆಂಡ ಎರಡು ಸಲ ಮಂಕಾಯಿತು. ಮೂರನೆಯ ಸಲ ಉರಿ ಎದ್ದಿತು.

ನೀರು ಕಾಯುವಷ್ಟರಲ್ಲಿ ಮಗು ಬಂದಿತ್ತು, ಆದರೆ ಅಳಲಿಲ್ಲ. ಸೂಲಗಿತ್ತಿ ಅದನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ಬೆನ್ನು ತಿಕ್ಕಿ, ಬೈದು, ಮತ್ತೆ ತಿಕ್ಕಿದಳು. ಕೊನೆಗೆ ಸಣ್ಣದೊಂದು ಕೀರಲು ಸ್ವರ ಕೇಳಿತು. ಅಕ್ಕ, "ಎಣ್ಣಾ, ಗಂಡಾ?" ಎಂದು ಕೇಳಿದಳು. ತಂದೆಯವರು ಒಲೆಯ ಮುಂದಿನಿಂದ ಏಳಲೇ ಇಲ್ಲ. ಗೂಬೆ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ.

ಬಾಣಂತಿಯನ್ನು ಕದಲಿಸಬಾರದೆಂದು ನಾವು ಮನೆ ಬಿಡಲಿಲ್ಲ. ಹೆಸರಿಡುವ ದಿನ ಕೇರಿಯವರಾರೂ ಬರಲಿಲ್ಲ. ತಂದೆಯವರು ಬಹಳ ಹೊತ್ತು ಬೀದಿಬಾಗಿಲಿನಲ್ಲಿ ನಿಂತಿದ್ದು, ಒಳಗೆ ಬಂದು, ಇದ್ದವರಿಗೇ ಎಲೆ ಹಾಕಲು ಹೇಳಿದರು.