ಮರ ಹತ್ತುವ ನಿರ್ಮಲಾ ಹಡಗು ಹತ್ತಿದ ಬಗೆ

ದಬ್ಬೇಘಟ್ಟದ ಮೊದಲ ಬಸ್ಸು ಇನ್ನೂ ಬಂದಿಲ್ಲ. ಈರಣ್ಣನವರ ತೋಟದಲ್ಲಿ ತೆಂಗಿನ ಮರಗಳ ತಲೆಗೆ ಬೆಳಕು ತಾಗಿದೆ, ಬುಡದಲ್ಲಿ ಮಾತ್ರ ಇನ್ನೂ ಕತ್ತಲೆ. ಆ ಕತ್ತಲೆಯಿಂದ ಟಕ್ ಟಕ್ ಎಂಬ ಕಬ್ಬಿಣದ ಸದ್ದು ಮೇಲೇರುತ್ತಿದೆ. ಗಂಡನ ಹಳೆಯ ತುಂಬುತೋಳಿನ ಅಂಗಿ, ಚೂಡಿದಾರದ ಪ್ಯಾಂಟು, ತಲೆಗೆ ಬಿಗಿದ ಟವೆಲ್ಲು, ಸೊಂಟದ ಹಿಂದೆ ಸಿಕ್ಕಿಸಿದ ಮಚ್ಚು. ಮರವನ್ನು ತಬ್ಬಿಕೊಂಡಿರುವ ಯಂತ್ರದ ಎರಡು ಪೆಡಲುಗಳನ್ನು ಒಂದಾದ ಮೇಲೊಂದು ಎತ್ತಿ ತುಳಿಯುತ್ತಾ ನಿರ್ಮಲಾ ಬೆಳಕಿನೊಳಗೆ ಬರುತ್ತಾರೆ.

ಕೆಳಗೆ ಈರಣ್ಣನವರು ಹೊದ್ದ ಶಾಲಿನೊಳಗಿಂದ ಮುಖವೆತ್ತಿ, ಹಡಗಿನ ಕಥೆಯನ್ನು ಇನ್ನೊಂದು ಸಲ ಹೇಳಬೇಕೆಂದು ಕೇಳುತ್ತಾರೆ. ಕಳೆದ ಸಲ ಕಾಯಿ ಕೆಡವಿದಾಗಲೂ ಕೇಳಿದ್ದರು. ಅವರ ಮನೆಗೆ ನೆಂಟರು ಬಂದಿದ್ದಾಗ, ಕೆಡವಲು ಕಾಯಿ ಇಲ್ಲದಿದ್ದರೂ ಕರೆಸಿ ಕೇಳಿದ್ದರು.

‘ಕಾಯಿ ಬೀಳ್ತವೆ, ಸರಿದು ನಿಂತ್ಕಳಿ’ ಎನ್ನುತ್ತಾರೆ ನಿರ್ಮಲಾ. ಗೊನೆಯ ಬುಡಕ್ಕೆ ಮಚ್ಚು ಬೀಳುತ್ತದೆ. ಧಡ ಧಡ ಸದ್ದಿಗೆ ತೋಟದ ನಾಯಿ ತನ್ನ ಪಾಲಿನ ಕೆಲಸವೆಂಬಂತೆ ಬೊಗಳುತ್ತದೆ.

ನಿರ್ಮಲಾ ಅವರಿಗೆ ಈಗ ಮೂವತ್ತೊಂಬತ್ತು. ದಿನಕ್ಕೆ ಮೂವತ್ತೈದರಿಂದ ನಲವತ್ತು ಮರ ಏರುತ್ತಾರೆ. ಮಳೆ ಬಂದರೆ ರಜೆ. ಏಳು ವರ್ಷದ ಹಿಂದೆ ಈ ಕೆಲಸ ಅವರದಾಗಿರಲಿಲ್ಲ, ಗಂಡ ತಿಪ್ಪೇಸ್ವಾಮಿಯವರದಾಗಿತ್ತು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಅಳಿಲಿನಂತೆ ಏರುತ್ತಿದ್ದ ಮನುಷ್ಯ ಒಂದು ದಿನ ಒದ್ದೆ ಮರದಿಂದ ಜಾರಿ ಬಿದ್ದರು. ಸೊಂಟ ಮುರಿಯಿತು. ಮಂಚ ಹಿಡಿದ ಅವರನ್ನು ನೋಡಲು ಬಂದವರೆಲ್ಲ ಮೊದಲು ಅಯ್ಯೋ ಪಾಪ ಎಂದು, ಆಮೇಲೆ ನಮ್ಮ ತೋಟದ ಕಾಯಿ ಯಾರು ಕೆಡವುತ್ತಾರೋ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಎರಡನೆಯ ನಿಟ್ಟುಸಿರೇ ಹೆಚ್ಚು ಉದ್ದವಾಗಿರುತ್ತಿತ್ತು ಎಂದು ತಿಪ್ಪೇಸ್ವಾಮಿ ಇವತ್ತಿಗೂ ನಗುತ್ತಾರೆ.

ತಿಪಟೂರಿನಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಕೊಡುತ್ತಾರೆಂದು ಯಾರೋ ಹೇಳಿದರು. ನಿರ್ಮಲಾ ಹೋಗಿ ಕಲಿತು ಬಂದರು. ಊರಿನಲ್ಲಿ ಮೊದಲ ಮರ ಏರಿದ ದಿನ ತಿಪ್ಪೇಸ್ವಾಮಿ ತಮ್ಮ ಮಂಚವನ್ನೇ ತೋಟಕ್ಕೆ ಹೊರಿಸಿಕೊಂಡು ಬಂದಿದ್ದರು. ಅರ್ಧ ಮರದಲ್ಲಿ ಹೆಂಡತಿ ನಿಂತುಬಿಟ್ಟದ್ದು ಕಂಡು ಮಲಗಿದ್ದಲ್ಲಿಂದಲೇ ಕೂಗಿದರು: ‘ಕೆಳಕ್ಕೂ ನೋಡಬ್ಯಾಡ, ಮೇಲಕ್ಕೂ ನೋಡಬ್ಯಾಡ. ಮೂಗಿನ ಮುಂದೆ ಏನೈತೆ ಅದನ್ನ ನೋಡು.’ ಮೂಗಿನ ಮುಂದೆ ಒಂದು ಕಟ್ಟಿರುವೆ ಇತ್ತಂತೆ. ಅದನ್ನೇ ನೋಡುತ್ತಾ ತುದಿ ಮುಟ್ಟಿದರು.

ಹೆಂಗಸು ಹತ್ತಿದ ಮರ ಫಲ ಬಿಡುವುದಿಲ್ಲ ಎಂದು ಪಕ್ಕದ ತೋಟದ ರಂಗಪ್ಪ ಊರೆಲ್ಲ ಹೇಳಿಕೊಂಡು ತಿರುಗಿದರು. ಮೂರು ತಿಂಗಳು ಕಾದರೂ ಬೇರೆ ಆಳು ಸಿಗಲಿಲ್ಲ. ಬಲಿತ ಕಾಯಿ ತಾನಾಗಿ ಉದುರಿ ಅವರದೇ ಕೊಟ್ಟಿಗೆಯ ಹೆಂಚು ಒಡೆಯಿತು. ಮಾರನೆಯ ದಿನ ಅವರೇ ನಿರ್ಮಲಾ ಅವರ ಮನೆ ಬಾಗಿಲಿಗೆ ಬಂದು, ಮರದ ವಿಷಯ ಎತ್ತದೆ, ತಿಪ್ಪೇಸ್ವಾಮಿಯವರ ಸೊಂಟದ ವಿಷಯವನ್ನೇ ಅರ್ಧ ಗಂಟೆ ಮಾತಾಡಿದರು. ಈಗ ಅವರೂ ಫೋನು ಮಾಡಿ ಸರದಿ ಹಿಡಿಯುತ್ತಾರೆ. ಫೋನು ಎತ್ತುವುದು ತಿಪ್ಪೇಸ್ವಾಮಿ. ಕೋಲು ಊರಿ ನಡೆಯುವಷ್ಟು ಚೇತರಿಸಿಕೊಂಡಿರುವ ಅವರು, ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂತವರ ಗತ್ತಿನಲ್ಲಿ ‘ಈ ವಾರ ಕಷ್ಟ, ಗುರುವಾರದ ಮೇಲೆ ನೋಡಾನ’ ಎನ್ನುತ್ತಾರೆ.

ಇಂಥ ನಿರ್ಮಲಾ ಹಡಗು ಹತ್ತುವಂತಾಗಿದ್ದು ಊರಿನ ಹೊಸಗರಿ ಯುವಜನ ಸಂಘದಿಂದ. ಹೋದ ವರ್ಷ ಕಾರವಾರದ ಆಚೆಯ ಒಂದು ಮೀನುಗಾರರ ಕೇರಿಗೆ ಬಿರುಗಾಳಿ ಬಡಿದು, ಮರಗಳು ಮನೆಗಳ ಮೇಲೆ ಒರಗಿದವು. ಸಂಘದವರು ಸೇವೆಗೆ ಹೊರಟರು. ಅಧ್ಯಕ್ಷ ಜ್ಞಾನೇಶ್ ತಿಪಟೂರಿನ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವ ಹುಡುಗ, ಮಾತಿನಲ್ಲಿ ಜೋರು. ಕೇರಿಯವರಿಗೆ ಫೋನು ಮಾಡಿ ಏನು ಬೇಕೆಂದು ಕೇಳಿದಾಗ, ಬಟ್ಟೆಬರೆ ಸಾಕಷ್ಟು ಬಂದಿದೆ, ಮುರಿದು ನೇತಾಡುವ ತೆಂಗಿನ ತಲೆಗಳನ್ನು ಇಳಿಸುವವರು ಬೇಕು ಎಂದರು. ಸಂಘದ ಇಪ್ಪತ್ತು ಜನರ ಮನೆಯಲ್ಲೂ ತೆಂಗಿನ ತೋಟ ಇತ್ತು. ಮರ ಹತ್ತಲು ಬರುವವರು ಒಬ್ಬರೂ ಇರಲಿಲ್ಲ. ಮೂವತ್ತೈದು ದಾಟಿದವರಿಗೆ ಸಂಘದಲ್ಲಿ ಜಾಗವಿಲ್ಲ ಎಂಬ ನಿಯಮವನ್ನು ಅವತ್ತೇ ಸಂಜೆ ಸಭೆ ಸೇರಿ ತೆಗೆದುಹಾಕಿದರು.

ಕೇರಿಯಲ್ಲಿ ಒಂದು ವಾರ ಕೆಲಸ. ನಿರ್ಮಲಾ ಮೇಲೆ, ಸಂಘ ಕೆಳಗೆ. ಅವರು ಕಡಿದು ಹಗ್ಗದಲ್ಲಿ ಇಳಿಸಿದ್ದನ್ನು ಹುಡುಗ ಹುಡುಗಿಯರು ಎಳೆದು ರಾಶಿ ಹಾಕುತ್ತಿದ್ದರು. ಸಂಜೆ ಎಲ್ಲರೂ ಸಮುದ್ರಕ್ಕೆ ಓಡಿದರೆ ನಿರ್ಮಲಾ ಮಾತ್ರ ಹಿತ್ತಲಲ್ಲಿ ಕೊಡದ ನೀರು ಹುಯ್ದುಕೊಂಡು ಮೈ ತೊಳೆಯುತ್ತಿದ್ದರು. ಅವರ ತವರು ಹುಳಿಯಾರಿನ ಕಡೆಯ ಒಂದು ಹಟ್ಟಿ. ಕುರಿಗೆ ನೀರು ಕುಡಿಸುವ ಗುಂಡಿಗಿಂತ ದೊಡ್ಡ ನೀರನ್ನು ಚಿಕ್ಕಂದಿನಲ್ಲಿ ಕಂಡವರಲ್ಲ. ‘ಮರದ ಮೇಲಿಂದ ನೋಡಿದ್ರೆ ಸಮುದ್ರನೂ ಕೆರೆ ಹಂಗೇ ಇತ್ತು. ಆಚೆ ದಡ ಇರ್ಲಿಲ್ಲ ಅಷ್ಟೇಯ’ ಎನ್ನುತ್ತಾರೆ.

ಅದೇ ಕೇರಿಯಲ್ಲಿ ರಸ್ತೆ ತೆರವು ಮಾಡಲು ನೌಕಾಪಡೆಯ ಒಂದು ತಂಡವೂ ಬಂದಿತ್ತು. ತಂಡದ ಅಧಿಕಾರಿ ನಿರ್ಮಲಾ ಅವರ ಕೆಲಸವನ್ನು ದಿನವೂ ತಲೆಯೆತ್ತಿ ನೋಡುತ್ತಿದ್ದವರು, ಸಂಘ ಊರಿಗೆ ಹೊರಡುವ ಹಿಂದಿನ ದಿನ ಎಲ್ಲರನ್ನೂ ಹಡಗು ನೋಡಲು ಕರೆದರು. ಒಂದು ಗಂಟೆಯ ಸಮಯ ಕೊಟ್ಟಿದ್ದರು. ಹುಡುಗರು ರಾತ್ರಿಯೆಲ್ಲ ಶೂಗಳಿಗೆ ಪಾಲಿಶ್ ಹಾಕಿದರು. ನಿರ್ಮಲಾ ಚೀಲದ ತಳದಲ್ಲಿದ್ದ ಮದುವೆ ಸೀರೆ ತೆಗೆದರು. ಕರೆದವರ ಮನೆಗೆ ಅಂಗಿ ಪ್ಯಾಂಟಿನಲ್ಲಿ ಹೋಗುವುದು ಅವರಿಗೆ ಸರಿ ಕಾಣಲಿಲ್ಲ.

ನೌಕಾನೆಲೆಯ ಬಾಗಿಲಲ್ಲೇ ಮೊದಲ ತೊಡಕು. ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡ ಕಾವಲಿನವರು ಟೆಂಪೋ ತಪಾಸಣೆ ಮಾಡಿದಾಗ ಎರಡು ಮಚ್ಚು, ಹಗ್ಗದ ಸುರುಳಿ, ಜೊತೆಗೆ ತಂತಿ, ಪೆಡಲು, ಕೊಕ್ಕೆಗಳಿದ್ದ ಒಂದು ಕಬ್ಬಿಣದ ಜೋಡಿ ಸಿಕ್ಕಿತು. ಮಚ್ಚು ಏನೆಂದು ಅವರಿಗೆ ಅರ್ಥವಾಯಿತು. ಕಬ್ಬಿಣದ ಜೋಡಿ ಏನೆಂದು ಆಗಲಿಲ್ಲ. ಜ್ಞಾನೇಶ್ ತನಗೆ ಬಂದ ಹಿಂದಿಯಲ್ಲಿ ವಿವರಿಸಿದಷ್ಟೂ ಅವರ ಮುಖ ಗಂಭೀರವಾಗುತ್ತಾ ಹೋಯಿತು. ಕೊನೆಗೆ ನಿರ್ಮಲಾ ಯಾರನ್ನೂ ಕೇಳದೆ ಸೀರೆಯನ್ನು ಕಚ್ಚೆ ಕಟ್ಟಿ, ಬಾಗಿಲ ಪಕ್ಕದಲ್ಲೇ ಇದ್ದ ತೆಂಗಿನ ಮರಕ್ಕೆ ಯಂತ್ರ ತೊಡಿಸಿ ಏರತೊಡಗಿದರು. ಕಾವಲಿನವರಿಗೆ ಅರ್ಥವಾಗಿ ಸಾಕು ಸಾಕು ಎಂದು ಕೈಬೀಸುವಷ್ಟರಲ್ಲಿ ನಿರ್ಮಲಾ ಸುಳಿ ತಲುಪಿದ್ದರು. ಬಂದದ್ದು ಬಂದಾಯಿತು, ಕಾಯಿ ಕೆಡವಲೋ ಬೇಡವೋ ಎಂದು ಮೇಲಿನಿಂದ ಕೇಳಿದರು. ಕೆಳಗಿನವರು ಬೇಡ ಎಂದರು. ಒಣಗಿದ ಒಂದು ಗರಿಯನ್ನಾದರೂ ಕಿತ್ತು ಹಾಕದೆ ಇಳಿಯಲು ಅವರಿಗೆ ಮನಸ್ಸು ಬರಲಿಲ್ಲ.

ಮಚ್ಚುಗಳನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದಾಗ ಕಂಡದ್ದು ಬೂದು ಬಣ್ಣದ ಹಡಗು. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯನ್ನೇ ಎಬ್ಬಿಸಿ ನೀರಿಗೆ ಬಿಟ್ಟ ಹಾಗಿತ್ತು ಎಂಬುದು ನಿರ್ಮಲಾ ಕೊಡುವ ಅಳತೆ. ದಡದ ದಕ್ಕೆಯಿಂದ ಹಡಗಿಗೆ ಕಿರಿದಾದ ಒಂದು ಸೇತುವೆ ಹಾಕಿದ್ದರು. ಎರಡು ಕಡೆ ಹಗ್ಗ, ಕೆಳಗೆ ಹಸಿರು ನೀರು. ಮುಂದೆ ಐದಾರು ಜನ ದಾಟಿದರು. ಅವರ ಹಿಂದೆ ನಿರ್ಮಲಾ ನಾಲ್ಕು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹಡಗು ಉಸಿರಾಡಿದಂತೆ ಒಂದಿಷ್ಟು ಮೇಲೆದ್ದು ಇಳಿಯಿತು, ಸೇತುವೆಯೂ ಅದರ ಜೊತೆ ಅಲುಗಿತು. ನಿರ್ಮಲಾ ನಿಂತಲ್ಲೇ ನಿಂತರು.

ಹಿಂದೆ ಹದಿನಾಲ್ಕು ಜನ. ಅವರಿಗೂ ಹಿಂದೆ ಅಧಿಕಾರಿ. ಹಡಗಿನ ಮೇಲೆ ಬಾಗಿಲಲ್ಲಿದ್ದ ನಾವಿಕ ತನ್ನ ಅಧಿಕಾರಿ ಬರುತ್ತಿರುವುದನ್ನು ಕಂಡು ಆಗಲೇ ಸೆಲ್ಯೂಟು ಎತ್ತಿಬಿಟ್ಟಿದ್ದ. ನಡುವೆ ದಾರಿ ಕಟ್ಟಿಹೋದದ್ದರಿಂದ ಅದನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಹಾಗೇ ನಿಂತ. ಆ ಸೆಲ್ಯೂಟು ತನಗೇ ಎಂದು ನಿರ್ಮಲಾ ತಿಳಿದರು.

‘ಕೈ ಇಳಿಸಪ್ಪ, ನೋಯ್ತದೆ. ನಾನು ಬರೋದು ತಡ ಆಯ್ತದೆ.’

ನಾವಿಕನ ಕೈ ಇಳಿಯಲಿಲ್ಲ, ಆದರೆ ನಗು ತಡೆದು ತಡೆದು ಇಡೀ ಮೈ ಅಲುಗಿತು. ಅವನಿಗೆ ಕನ್ನಡ ಬರುತ್ತಿತ್ತು.

ಜ್ಞಾನೇಶನಿಗೆ ಬೆವರು. ಇರುವುದು ಒಂದೇ ಗಂಟೆ, ಅದರಲ್ಲಿ ಅರ್ಧ ನೌಕಾನೆಲೆಯ ಬಾಗಿಲಲ್ಲೇ ಕಳೆದಿತ್ತು. ಹಿಂದಕ್ಕೆ ಬರುವುದಾದರೆ ಬನ್ನಿ ಅಕ್ಕ, ಟೆಂಪೋದಲ್ಲಿ ಕೂತಿರಿ, ನಾವು ಬೇಗ ನೋಡಿ ಬರುತ್ತೇವೆ ಎಂದು ಹಿಂದಿನಿಂದ ಪಿಸುಗುಟ್ಟಿದ. ಒಳ್ಳೆಯ ಮಾತೇ. ಆದರೆ ಹಿಂದಕ್ಕೂ ನಾಲ್ಕು ಹೆಜ್ಜೆ ಇಡಬೇಕಿತ್ತು, ಮುಂದಕ್ಕೂ ಇಡಬೇಕಿತ್ತು. ಎರಡಕ್ಕೂ ಕಾಲು ಒಪ್ಪಲಿಲ್ಲ. ಕರೆದದ್ದು ತನ್ನ ಕೆಲಸ ನೋಡಿ, ಈಗ ತನ್ನಿಂದಲೇ ಇಷ್ಟು ಮಕ್ಕಳ ಆಸೆ ಮಣ್ಣುಪಾಲಾಗುತ್ತದೆ ಎಂಬ ಸಂಕಟ ಬೇರೆ.

‘ಮರದಲ್ಲಿ ಯಾಕೆ ಹೆದರಿಕೆ ಇಲ್ಲ ಅಂತೀರಾ, ಬಿದ್ರೆ ಕೆಳಗೆ ನೆಲ ಐತೆ’ ಎಂದು ಈಗ ನಿರ್ಮಲಾ ವಿವರಿಸುತ್ತಾರೆ. ‘ಬಿದ್ದೋರು ಎಲ್ಲಿ ಬಿದ್ರು ಅಂತ ಗೊತ್ತಾಯ್ತದೆ. ನೀರಲ್ಲಿ ಅದೂ ಗೊತ್ತಾಗಲ್ವಲ್ಲ.’

ಆಗ ಅವರಿಗೆ ನೆನಪಾದದ್ದು ಮಂಚದ ಮೇಲಿನಿಂದ ಬಂದ ಕೂಗು. ನೀರು ನೋಡುವುದು ಬಿಟ್ಟರು, ಹಡಗು ನೋಡುವುದನ್ನೂ ಬಿಟ್ಟರು. ಮೂಗಿನ ಮುಂದೆ ಇರುವುದನ್ನು ನೋಡೋಣವೆಂದರೆ ಸೇತುವೆಯ ಹಲಗೆ ದೂರ ಕೆಳಗಿತ್ತು. ಮೂಗನ್ನೇ ಅದರ ಹತ್ತಿರ ತಂದರೆ ಆಯಿತೆಂದು, ಮದುವೆ ಸೀರೆ ಉಟ್ಟ ನಿರ್ಮಲಾ ಸೇತುವೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಎರಡು ಕೈ ಊರಿ ಮೈಯನ್ನು ಒಂದು ಗೇಣು ಮುಂದೆ ಜಾರಿಸಿದರು. ಮತ್ತೆ ಕೈ ಊರಿದರು, ಮತ್ತೊಂದು ಗೇಣು. ಹಿಂದಿನ ಹದಿನಾಲ್ಕು ಜನ ಉಸಿರು ಬಿಗಿಹಿಡಿದು ಒಂದೊಂದು ಗೇಣೇ ಮುಂದೆ ಬಂದರು. ಅಧಿಕಾರಿಯೂ ಬಂದರು. ಸೆಲ್ಯೂಟು ಮೇಲೆ ಕಾಯುತ್ತಲೇ ಇತ್ತು.

ಹಡಗಿನ ಉಕ್ಕಿನ ನೆಲ ಮುಟ್ಟಿ ಎದ್ದು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ಮಲಾ ಸೀರೆಯ ಹಿಂಭಾಗ ಕೊಡವಿಕೊಂಡು, ಚಪ್ಪಾಳೆ ಸಾಕು, ಹಡಗು ತೋರಿಸಿ ಎಂದರು.

ಸೆಲ್ಯೂಟಿನ ನಾವಿಕ ರವಿಕಿರಣನೇ ಹಡಗು ತೋರಿಸಿದ. ಹುಡುಗರು ಫಿರಂಗಿಯ ಗುಂಡು ಎಷ್ಟು ದೂರ ಹೋಗುತ್ತದೆಂದು ಕೇಳಿದರು. ಅಡುಗೆಮನೆಯಲ್ಲಿ ಹುಡುಗಿಯರು ಚಪಾತಿ ಯಂತ್ರವನ್ನು ಸುತ್ತುವರಿದು ನಿಂತರು. ನಿರ್ಮಲಾ ಕೇಳಿದ್ದು ಒಂದೇ ಪ್ರಶ್ನೆ, ನೀರಿಗೆ ಬಿದ್ದವರನ್ನು ಹೇಗೆ ಎತ್ತುತ್ತೀರಿ ಎಂದು. ರವಿಕಿರಣ ಗೋಡೆಗೆ ನೇತುಹಾಕಿದ್ದ ಕಿತ್ತಳೆ ಬಣ್ಣದ ತೇಲುಬಳೆಯನ್ನು ತೋರಿಸಿ, ಅದನ್ನು ಎಸೆಯುವ ಬಗೆ ಹೇಳಿದ. ಆಮೇಲೆ ಉಳಿದವರು ಮುಂದೆ ಹೋಗುವುದನ್ನು ಕಾದು, ದನಿ ತಗ್ಗಿಸಿದ.

‘ನಂಗೂ ಈಜು ಬರ್ತಿರಲಿಲ್ಲರೀ ಅಕ್ಕಾರ. ಕುಷ್ಟಗಿ ಕಡಿಯಾವ ನಾನು. ನೀರಂದ್ರ ಕೊಡದಾಗ ಇರೋದು ಅಂತಷ್ಟ ಗೊತ್ತಿತ್ತು. ಇಲ್ಲಿ ಸೇರಿದ ಮ್ಯಾಲೆ ಕಲಿತೆ.’

ಇಷ್ಟು ದೊಡ್ಡ ಹಡಗಿನಲ್ಲಿ ತನ್ನಂಥ ಒಬ್ಬ ಇದ್ದಾನೆಂದು ತಿಳಿದು ನಿರ್ಮಲಾಗೆ ಹಡಗಿನ ಮೇಲೆ ಒಂದು ಬಗೆಯ ನಂಬಿಕೆ ಹುಟ್ಟಿತು. ವಾಪಸು ಇಳಿಯುವಾಗ ಸೇತುವೆಯನ್ನು ಅರ್ಧ ನಡೆದು, ಉಳಿದರ್ಧ ಕೂತು ದಾಟಿದರು.

ಊರಿಗೆ ಬಂದರೆ ಯಾರೂ ನಂಬಲಿಲ್ಲ. ಫೋನು ಕಸಿದುಕೊಂಡಿದ್ದರಿಂದ ಒಂದು ಫೋಟೋ ಕೂಡ ಇರಲಿಲ್ಲ. ಗೋಕರ್ಣ ನೋಡಿಕೊಂಡು ಬಂದು ಹಡಗು ಅನ್ನುತ್ತಿದ್ದಾರೆ ಎಂದು ಟೀ ಅಂಗಡಿಯಲ್ಲಿ ತೀರ್ಮಾನವಾಯಿತು. ಜ್ಞಾನೇಶ್ ಎಷ್ಟು ಆಣೆ ಪ್ರಮಾಣ ಮಾಡಿದರೂ ಉಪಯೋಗವಾಗಲಿಲ್ಲ. ಕೊನೆಗೆ ರೇಗಿ, ನಿರ್ಮಲಕ್ಕ ಸೇತುವೆ ದಾಟಿದ ಬಗೆಯನ್ನು ಬಾಯಿಬಿಟ್ಟ. ಬೆಂಚಿನ ತುದಿಯಲ್ಲಿದ್ದ ರಂಗಪ್ಪ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು.

‘ಸುಳ್ಳು ಹೇಳೋರು ಕುಂಡಿ ಮೇಲೆ ಹೋದ್ರು ಅಂತ ಹೇಳಲ್ಲ ಕಣ್ಲಾ. ಹೋಗವ್ರೆ.’

ಅಲ್ಲಿಂದ ಕಥೆ ತೋಟದಿಂದ ತೋಟಕ್ಕೆ ಹೋಯಿತು. ನಿರ್ಮಲಾ ಅದನ್ನು ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ, ಕೂತದ್ದನ್ನೂ ಸೇರಿಸಿ, ತಾವೇ ಹೇಳಿದರು. ಸಂಘದ ಮೂವರು ಈಗ ಭಾನುವಾರ ಮರ ಹತ್ತುವುದನ್ನು ಕಲಿಯಲು ಬರುತ್ತಾರೆ. ಅವರಲ್ಲಿ ಜ್ಞಾನೇಶನೂ ಒಬ್ಬ. ಆಳೆತ್ತರ ದಾಟುತ್ತಲೇ ಅವನ ಮಾತಿನ ಜೋರು ನಿಲ್ಲುತ್ತದೆ. ನಿರ್ಮಲಾ ನಗುವುದಿಲ್ಲ, ಇಳಿಯುವ ತನಕ ಬುಡದಲ್ಲಿ ಕಾಯುತ್ತಾರೆ.

ಹೊತ್ತು ಏರಿದ ಮೇಲೆ ಮಚ್ಚು ತೊಳೆದು ಒರೆಸಿಟ್ಟು ನಿರ್ಮಲಾ ಊರಾಚೆಯ ಕಟ್ಟೆಗೆ ನಡೆಯುತ್ತಾರೆ. ಹೇಮಾವತಿಯ ನೀರು ಬಂದು ಈ ಸಲ ಕಟ್ಟೆ ತುಂಬಿದೆ. ತಿಪ್ಪೇಸ್ವಾಮಿ ಆಗಲೇ ಬಂದು ಏರಿಯ ಮೇಲೆ ಕೂತಿದ್ದಾರೆ. ಒಣಗಿದ ಎರಡು ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಹುರಿಯಲ್ಲಿ ಜೋಡಿಸಿ, ಹೆಂಡತಿ ಮುಳುಗದಂತೆ ಅವರ ಬೆನ್ನಿಗೆ ಬಿಗಿಯಾಗಿ ಕಟ್ಟುತ್ತಾರೆ. ಗಂಟು ಎಳೆದು ಎಳೆದು ನೋಡುತ್ತಾರೆ. ಬಟ್ಟೆ ಒಗೆಯುತ್ತಿದ್ದ ಗುರುಸಿದ್ದಮ್ಮನವರು, ಈ ವಯಸ್ಸಿನಲ್ಲಿ ಇದೆಲ್ಲ ಯಾಕವ್ವ ಎಂದು ಕೇಳುತ್ತಾರೆ. ದಿನವೂ ಕೇಳುತ್ತಾರೆ. ಕೇಳಿದ ಮೇಲೆ ಒಗೆಯುವುದನ್ನು ನಿಲ್ಲಿಸಿ ನೋಡುತ್ತಾ ಕೂರುತ್ತಾರೆ.

ನಿರ್ಮಲಾ ಮೊಣಕಾಲಿನ ತನಕ ಇಳಿದು, ಸೊಂಟದ ತನಕ ಇಳಿದು, ಒಂದು ಗಳಿಗೆ ನಿಲ್ಲುತ್ತಾರೆ.

‘ಸಮುದ್ರ ಈಜಬೇಕು ಅಂತೇನಿಲ್ಲ ಕಣ್ರೀ’ ಎಂದು ದಡದಲ್ಲಿರುವ ಇಬ್ಬರಿಗೂ ಹೇಳುತ್ತಾರೆ. ‘ನೀರಿಗೂ ನಂಗೂ ಒಂದು ಪರಿಚಯ ಆಗ್ಬೇಕು, ಅಷ್ಟೇಯ.’